ಮೂರನೆಯ ಹಾಡಿನ ಕೊನೆಯ ಸಾಲು

ನೀವು ನಂಬುವುದಿಲ್ಲ, ನನಗೆ ಗೊತ್ತು. ನಾನು ಮಿಮಿಕ್ರಿ ಮಾಡುವವನು. ಗಂಗಾವತಿಯ ನಡುರಸ್ತೆಯಲ್ಲಿ ನಿಂತು "ಮನಿಗೆ ಬೆಂಕಿ ಬಿದ್ದೈತ್ರೋ" ಎಂದು ಕೂಗಿದರೂ ಜನ ಇದು ಯಾರ ದನಿ ಎಂದು ಯೋಚಿಸಿ ಚಪ್ಪಾಳೆ ತಟ್ಟುತ್ತಾರೆ. ಆದರೂ ಹೇಳುತ್ತೇನೆ. ಇದು ನಡೆದದ್ದು. ನಡೆಯದೇ ಇದ್ದರೆ ನನಗೇ ಒಳ್ಳೆಯದಿತ್ತು.

ಹೊಟ್ಟೆಪಾಡಿಗೆ ನಾನು ಖಾದರ್ ಮಾಮಾನ ಆಟೋದಲ್ಲಿ ಕುಳಿತು ಮೈಕಿನಲ್ಲಿ ಅಂಗಡಿಗಳ ಜಾಹೀರಾತು ಕೂಗುತ್ತೇನೆ. ಸೀರೆ ಕೊಳ್ಳುವ ಅತ್ತೆ, ಜಗಳ ತೆಗೆಯುವ ಸೊಸೆ, ನಡುವೆ ಸಿಕ್ಕ ಅಂಗಡಿ ಸಾಹುಕಾರ, ಮೂವರೂ ನಾನೇ. ನಿನ್ನ ಸ್ವಂತ ದನಿ ಯಾವುದು ಎಂದು ಯಾರೂ ಕೇಳಿರಲಿಲ್ಲ. ಕೇಳಿದ್ದರೆ ಅದರದ್ದೂ ಮಿಮಿಕ್ರಿ ಮಾಡಿ ತೋರಿಸುತ್ತಿದ್ದೆ.

ಶರಣು ನನ್ನ ಜೀವದ ಗೆಳೆಯ. ಬಸ್ ನಿಲ್ದಾಣದ ಹತ್ತಿರ ಮೊಬೈಲ್ ರಿಪೇರಿ ಅಂಗಡಿ ಅವನದು. ರಸಮಂಜರಿ ಇದ್ದಾಗ ಗಿಟಾರ್ ಬಾರಿಸುತ್ತಾನೆ. ಎರಡು ವರ್ಷದ ಹಿಂದೆ ಅವನೇ ನನ್ನ ಕಿವಿಗೆ ಇಯರ್‌ಫೋನ್ ತುರುಕಿದ್ದು. ಫಿನ್ಲೆಂಡಿನ ಒಂದು ಮೆಲೋಡಿಕ್ ಡೆತ್ ಮೆಟಲ್ ಬ್ಯಾಂಡಿನ ಮೊಟ್ಟಮೊದಲ ಆಲ್ಬಂ.

"ಇದೇನಲೇ, ಗಿಟಾರ್ ಜೋಗುಳ ಹಾಡಾಕತ್ತೈತಿ, ಹಾಡಾಂವ ನೋಡಿದ್ರ ಎಮ್ಮಿ ಈದಂಗ ಒದರಾಕತ್ಯಾನ!"

"ಅದಕ್ಕ ಗ್ರೌಲ್ ಅಂತಾರ ಮಂಜ್ಯಾ. ನಿನ್ನ ಗಂಟಲಕ್ಕ ಬಂದ ಬರತೈತಿ, ನೋಡು."

ಒಂದೇ ವಾರದಲ್ಲಿ ಬಂತು. ಬಚ್ಚಲಲ್ಲಿ ಅಭ್ಯಾಸ ಮಾಡಿದ್ದು ತಪ್ಪಾಯಿತು. "ನನ್ನ ಮಗನ ಮೈಯಾಗ ಏನೋ ಹೊಕ್ಕೈತ್ರೀ" ಎಂದು ಅವ್ವ ಓಣಿಯನ್ನೆಲ್ಲ ಕರೆದು, ನನ್ನನ್ನು ಹುಲಿಗಿಗೆ ಎಳೆದೊಯ್ದು, ಹುಲಿಗೆಮ್ಮನ ಭಂಡಾರವನ್ನು ಹಣೆಗೆ ಮೆತ್ತಿಸಿಯೇ ಬಿಟ್ಟಳು.

ಅಂದಿನಿಂದ ನಮ್ಮ ಅಭ್ಯಾಸ ಊರ ಹೊರಗೆ, ಮರಳಿ ಎಂಬ ಹಳ್ಳಿಗೆ ಹೋಗುವ ರಸ್ತೆಯ ಅಕ್ಕಿ ಗಿರಣಿಗೆ ಹೋಯಿತು. ಶರಣುವಿನ ಸೋದರಮಾವನ ಗಿರಣಿ, ಮುಚ್ಚಿ ಮೂರು ವರ್ಷವಾಗಿತ್ತು. ಸುತ್ತ ಬರೀ ಭತ್ತದ ಗದ್ದೆ, ಪಕ್ಕದಲ್ಲಿ ಕಾಲುವೆ. ಎಷ್ಟು ಒದರಿದರೂ ಕೇಳುವವರಿಲ್ಲ. ತಗಡಿನ ಮಾಡು ನನ್ನ ದನಿಯನ್ನು ಒಂದು ಕ್ಷಣ ತಡೆದು ವಾಪಸ್ ಕಳಿಸುತ್ತಿತ್ತು.

ಆಲ್ಬಂನ ಎಲ್ಲ ಹಾಡೂ ಬಂದವು, ಮೂರನೆಯದರ ಕೊನೆಯ ಸಾಲೊಂದನ್ನು ಬಿಟ್ಟು. ಅದು ಒಂದೇ ಉಸಿರಿನ ಉದ್ದನೆಯ ಗ್ರೌಲ್. ನನಗೆ ಅರ್ಧಕ್ಕೇ ಉಸಿರು ಮುಗಿಯುತ್ತಿತ್ತು. "ಪಂಚರ್ ಆತು" ಎಂದು ಶರಣು ನಗುತ್ತಿದ್ದ.

ಒಮ್ಮೆ ಅವನೇ ಹೇಳಿದ: "ಈ ಮೊದಲನೇ ಆಲ್ಬಂನಾಗ ಹಾಡಿದಾಂವ ಎರಡನೇದ್ರಾಗ ಇಲ್ಲಪ. ಬ್ಯಾರೆದಾಂವನ್ನ ತಗೊಂಡ್ರಂತ."

"ದೋಸ್ತರ ಬಿಟ್ರೇನು? ನನ್ನೂ ಹಂಗ ಬಿಡ್ತೀಯೇನ್ ನೀ?"

"ಹುಚ್ಚದೀ ಏನಲೇ?" ಎಂದು ನನ್ನ ತಲೆಯ ಮೇಲೆ ಕೈ ಇಟ್ಟ. "ಹುಲಿಗೆಮ್ಮನ ಆಣಿ. ನೀ ಇಲ್ಲದ ಬ್ಯಾಂಡ್ ಎಲ್ಲೈತಿ?"

ಕಳೆದ ಚಳಿಗಾಲದಲ್ಲಿ ಹೊಸಪೇಟೆಯಲ್ಲಿ ಬ್ಯಾಂಡುಗಳ ಸ್ಪರ್ಧೆ ಇದೆ ಎಂದು ತಿಳಿಯಿತು. ಮೊದಲು ಒಂದು ಹಾಡು ಧ್ವನಿಮುದ್ರಿಸಿ ಕಳಿಸಬೇಕಿತ್ತು. ಅತ್ತೆ ಸೊಸೆಯರಾಗಿ ಕೂಗಿ ಕೂಗಿ ಸಾಕಾಗಿದ್ದ ನನಗೆ, ಗಾಯಕ ಮಂಜುನಾಥ ಎಂದು ವೇದಿಕೆಯ ಮೇಲೆ ಒಂದು ಸಲ ಕರೆಸಿಕೊಳ್ಳಬೇಕಿತ್ತು. ಅಷ್ಟೇ ಆಸೆ.

"ಶುಕ್ರವಾರ ರಾತ್ರಿ ಹತ್ತಕ್ಕ ಗಿರಣಿಗೆ ಬಾ. ನಾ ಗಿಟಾರ್ ತರ್ತೀನಿ. ಮೂರನೇ ಹಾಡ ಮುಗಿಸಿ ಬಿಡೂಣು" ಎಂದ ಶರಣು, ಕೀಲಿಯನ್ನು ನನ್ನ ಕೈಗಿಟ್ಟು.

ಹೋದೆ...

ಹುಲಿಗಿಗೆ ಹೊರಟವರ ಟ್ರ್ಯಾಕ್ಟರ್ ಒಂದು ಹಾಡು ಹೇಳುತ್ತ ದೂರವಾಯಿತು. ಆಮೇಲೆ ಕಪ್ಪೆಗಳ ಸದ್ದು ಮಾತ್ರ. ಒಳಗೆ ಹಳೆಯ ತೌಡಿನ ಹುಳಿ ವಾಸನೆ. ಹತ್ತೂವರೆಯಾಯಿತು. ಶರಣುವಿಗೆ ಫೋನ್ ಮಾಡಿದರೆ ಸ್ವಿಚ್ ಆಫ್. ಹಾಗೆಂದು ಹೇಳುವ ಆ ಹೆಣ್ಣುದನಿಯ ಮಿಮಿಕ್ರಿಯನ್ನೂ ಮಾಡಿದೆ. ಧೈರ್ಯಕ್ಕೆ.

ಹನ್ನೊಂದರ ಹೊತ್ತಿಗೆ, ಬಂದದ್ದಾಗಿದೆ, ದನಿಯನ್ನಾದರೂ ಮುದ್ರಿಸಿಕೊಳ್ಳೋಣ ಎಂದು ಫೋನಿನ ರೆಕಾರ್ಡರ್ ಒತ್ತಿ ಹಳೆಯ ಮೂಟೆಯೊಂದರ ಮೇಲಿಟ್ಟೆ. ಕಣ್ಣು ಮುಚ್ಚಿದೆ. ಆ ಫಿನ್ಲೆಂಡಿನವನನ್ನು ಗಂಟಲಿಗೆ ಕರೆದು ಕೊನೆಯ ಸಾಲು ಎತ್ತಿದೆ.

ಅರ್ಧಕ್ಕೆ ಉಸಿರು ಮುಗಿಯಿತು. ಪಂಚರ್. ಬಾಯಿ ಮುಚ್ಚಿದೆ.

ಪ್ರತಿಧ್ವನಿ ಮೇಲಿನಿಂದ ಬಂತು. ನಾನು ನಿಂತಲ್ಲಿಗೆ ಬಂದು ಮುಟ್ಟಿತು...

ನಿಲ್ಲಲಿಲ್ಲ.

ಮುಂದೆ ಹೋಯಿತು. ನಾನು ಎಂದೂ ಹಾಡಲಾಗದ ಆ ಉಳಿದರ್ಧವನ್ನು ನಿಧಾನವಾಗಿ ಎಳೆದು, ಕೊನೆಯವರೆಗೂ ಹಾಡಿ ಮುಗಿಸಿತು. ಆಮೇಲೆ ಮೇಲೆಲ್ಲೋ ಉಸಿರು ಎಳೆದುಕೊಂಡ ಸದ್ದು.

ಅದೇ ಹೊತ್ತಿಗೆ ಬೆಂದ ಭತ್ತದ ಬಿಸಿ ವಾಸನೆ ಮೂಗಿಗೆ ಬಡಿಯಿತು. ಬಾಯ್ಲರ್ ಆರಿ ವರ್ಷಗಳೇ ಆದ ಗಿರಣಿಯಲ್ಲಿ.

ಆಗ ಯಂತ್ರದ ಹಿಂದಿನಿಂದ ಶರಣುವಿನ ದನಿ ಕೇಳಿತು. ಮೆಲ್ಲಗೆ, ಪಕ್ಕದವರಿಗೆ ಹೇಳುವ ಹಾಗೆ.

"ಅಂವ ಬರೇ ಮಿಮಿಕ್ರಿ ಮಾಡಾಂವ. ಅವಂದು ಅಂತ ಒಂದ್ ದನೀನ ಇಲ್ಲ. ಮಂಜ್ಯಾನ್ನ ಬಿಟ್ಟ ಬಿಡೂಣು."

ನಿಜ ಹೇಳಲೇ? ನನಗೆ ಸಮಾಧಾನವಾಯಿತು. ಇದೆಲ್ಲ ಇವನದೇ ಆಟ!

"ಲೇ ಶರಣ್ಯಾ, ಸಾಕ ಮಾಡು ಚಾಷ್ಟಿ. ಹೊರಗ ಬಾ."

ಮೂಟೆಯ ಮೇಲಿನ ಫೋನ್ ಎತ್ತಿ ಟಾರ್ಚ್ ಹಾಕಿ ಯಂತ್ರದ ಹಿಂದೆ ಹೋದೆ. ಯಾರೂ ಇಲ್ಲ. ಅಲ್ಲಿ ನೆಲದ ತುಂಬ ಬೆರಳು ದಪ್ಪ ಧೂಳು. ಅದರ ಮೇಲೆ ಒಬ್ಬನದೇ ಹೆಜ್ಜೆಗಳು. ನನ್ನವು.

ಇಂಥ ಹೊತ್ತಿನಲ್ಲಿ ಗಾಡಿ ಶುರುವಾಗುವುದಿಲ್ಲ ಎನ್ನುತ್ತಾರೆ. ನನ್ನ ಬೈಕು ಒಂದೇ ಒದೆತಕ್ಕೆ ಶುರುವಾಯಿತು. ನಾನೇ ಹತ್ತುವುದನ್ನು ಮರೆತು ಫರ್ಲಾಂಗು ದೂರ ಅದನ್ನು ಹಿಡಿದುಕೊಂಡು ಓಡಿದೆ.

ಬೆಳಿಗ್ಗೆ ಅಂಗಡಿಗೆ ಹೋದಾಗ ಶರಣು ಯಾವುದೋ ಫೋನ್ ಬಿಚ್ಚಿಕೊಂಡು ಕುಳಿತಿದ್ದ. ನನ್ನನ್ನು ಕಂಡವನೇ, "ಸಾರಿ ದೋಸ್ತ, ನಿನ್ನೆ ಮನ್ಯಾಗ ಜ್ವರ ಬಂದ ಮಕ್ಕೊಂಡಿದ್ನಿ" ಎಂದ.

ನಾನು ಅವನ ದನಿಯಲ್ಲೇ, ಒಂದಕ್ಷರ ಬಿಡದೆ ಒಪ್ಪಿಸಿದೆ. "ಅಂವ ಬರೇ ಮಿಮಿಕ್ರಿ ಮಾಡಾಂವ. ಅವಂದು ಅಂತ ಒಂದ್ ದನೀನ ಇಲ್ಲ..."

ಅವನ ಕೈಯ ಸ್ಕ್ರೂಡ್ರೈವರ್ ಕೆಳಗೆ ಬಿತ್ತು.

"ಯಾರ ಹೇಳಿದ್ರು ನಿನಗ?"

"ನೀನ."

"ಆ ರೂಮಿನ್ಯಾಗ ನಾವ ಮೂರ ಮಂದಿ ಅಷ್ಟ ಇದ್ವಿ. ನಾನು, ರಸಮಂಜರಿ ಡ್ರಮ್ಮಿನಾಂವ, ನಿನ್ನ ಬದ್ಲಿ ಹಾಡಾಕ ತಗೊಂಡ ಹೊಸ ಹುಡುಗ. ಬಾಗಲಾ ಹಾಕಿತ್ತು..."

"ಎಲ್ಲಿ?"

"ಕೊಪ್ಪಳದಾಗ."

"ಎಷ್ಟೊತ್ತಿಗೆ?"

"ಹನ್ನೊಂದರ ಸುಮಾರ." ತಲೆ ತಗ್ಗಿಸಿದ. "ಮಾರಿ ಮ್ಯಾಲೆ ಹೇಳಾಕ ಆಗಲಿಲ್ಲೋ."

ಮುಖದ ಮೇಲೆ ಹೇಳಲಾಗದ್ದಕ್ಕೆ ನನ್ನನ್ನು ಕತ್ತಲೆಯ ಗಿರಣಿಯಲ್ಲಿ ಕೂಡಿಸಿ ತಾನು ಕೊಪ್ಪಳಕ್ಕೆ ಹೋಗಿದ್ದ. ನನ್ನ ತಲೆಯ ಮೇಲೆ ಇಟ್ಟಿದ್ದ ಅದೇ ಕೈ ಈಗ ಸ್ಕ್ರೂಡ್ರೈವರ್ ಹುಡುಕುತ್ತಿತ್ತು. ಫೋನ್ ತೆಗೆದು ರಾತ್ರಿಯ ರೆಕಾರ್ಡಿಂಗ್ ಹಚ್ಚಿದೆ. ತನ್ನ ಮಾತು ತಾನೇ ಕೇಳಲಿ ಎಂದು.

ಅವನ ಮಾತು ಅದರಲ್ಲಿ ಇರಲೇ ಇಲ್ಲ. ಗ್ರೌಲ್ ಮಾತ್ರ ಇತ್ತು. ಅರ್ಧಕ್ಕೆ ನಿಂತ ನನ್ನದು, ನಂತರ ಆ ಇನ್ನೊಂದು.

ಶರಣು ಒಮ್ಮೆ ಕೇಳಿದ. ಮತ್ತೆ ಹಚ್ಚಿ ಕೇಳಿದ. ಅವನ ಕಣ್ಣು ಬದಲಾದವು.

"ಲೇ ಮಂಜ್ಯಾ... ಮೊದಲನೇದು ಆ ಫಿನ್ಲೆಂಡಿನಾಂವ. ಅಂದ್ರ ನೀ ಅವನ್ನ ಮಾಡೀದಿ, ಯಾವತ್ತಿನಂಗ. ಖರೇ ಈ ಎರಡನೇದು ಯಾರ ಮಿಮಿಕ್ರೀನೂ ಅಲ್ಲ. ಇದು ನಿಂದು. ನಿನ್ನ ಸ್ವಂತ ದನಿ! ಇಷ್ಟ ದಿನ ಎಲ್ಲಿ ಮುಚ್ಚಿಟ್ಟಿದ್ದಿ ಇದನ್ನ?"

"ಆವಾಗ ನನ್ನ ಬಾಯಿ ಮುಚ್ಚಿತ್ತೋ ಶರಣು."

"ನಾಟಕ ಸಾಕು. ನಿನ್ನ ದನಿ ನನಗ ಗೊತ್ತಾಗೂದಿಲ್ಲೇನು? ಇದೊಂದ ದನಿ ಇದ್ರ ಆ ಹೊಸ ಹುಡುಗನ್ನ ಇವತ್ತ ಬಿಡ್ತೀನಿ. ಬಾ."

ಪಾಪ, ಆ ಹುಡುಗನ ತಲೆಯ ಮೇಲೂ ಕೈ ಇಟ್ಟಿದ್ದನೋ ಏನೋ. ಕೀಲಿಯನ್ನು ಮೇಜಿನ ಮೇಲಿಟ್ಟು ಎದ್ದು ಬಂದೆ. ಮತ್ತೆ ಆ ಅಂಗಡಿಯ ಮೆಟ್ಟಿಲು ಹತ್ತಿಲ್ಲ.

ಆಲ್ಬಂ ಇನ್ನೂ ನನ್ನ ಫೋನಿನಲ್ಲಿದೆ. ಮೂರನೆಯ ಹಾಡಿನ ಕೊನೆಯ ಸಾಲು ಬರುವ ಮುಂಚೆ ನಿಲ್ಲಿಸಿಬಿಡುತ್ತೇನೆ. ಆ ಎರಡನೆಯ ದನಿಯನ್ನು ತೆಗೆಯಲು ಎಷ್ಟೋ ಸಲ ಯತ್ನಿಸಿದೆ. ಅವ್ವನ ದನಿ ಬರುತ್ತದೆ, ಖಾದರ್ ಮಾಮಾನದು, ಶರಣುವಿನದು, ಫಿನ್ಲೆಂಡಿನವನದು, ಎಲ್ಲವೂ ಬರುತ್ತವೆ. ನನ್ನದೇ ಎಂದು ಶರಣು ಹೇಳಿದ ಅದೊಂದು ಬರುವುದಿಲ್ಲ.

ಮೊನ್ನೆ ಸೀರೆ ಅಂಗಡಿಯ ಜಾಹೀರಾತು ಕೂಗುತ್ತ ಆ ಮರಳಿಯ ರಸ್ತೆಯಲ್ಲಿ ಹೊರಟಿದ್ದೆವು. ಗಿರಣಿಯ ಎದುರು ಬಂದಾಗ ಗಂಟಲು ಒಣಗಿತು. ಮಾತನ್ನು ಅರ್ಧಕ್ಕೆ ಬಿಟ್ಟು ಮೈಕ್ ಬಂದ್ ಮಾಡಿ ನೀರಿನ ಬಾಟಲಿ ಎತ್ತಿದೆ.

ಖಾದರ್ ಮಾಮಾ ಆಟೋ ನಿಧಾನ ಮಾಡಿ, ಹಿಂದೆ ತಿರುಗಿ ನಕ್ಕ.

"ಭಾಳ ಛಲೋ ಮುಗಿಸಿದಿ ನೋಡಪ. ಆ ಕಡೀ ಮಾತ ಹೇಳಿದ್ಯಲ್ಲ, ಅದು ಯಾರ ದನಿ? ಇಷ್ಟ ದಿನ ಒಮ್ಮಿನೂ ತಗದಿಲ್ಲ."

ನನ್ನ ಬಾಯಲ್ಲಿ ಇನ್ನೂ ನೀರಿತ್ತು.