ಮೊದಲನೇ ಪಾಳಿ

ಮೊನ್ನೆ ಸಡಾ ದಿಬ್ಬದಿಂದ ವಾಸ್ಕೋಕ್ಕ ಇಳಿಯೂ ಬಸ್ಸಿನ್ಯಾಗ ನನ್ನ ಬಾಜೂ ಕುಂತ ಮುದುಕಿ ತಲಿನೋವಿನ ಮುಲಾಮಿನ ಡಬ್ಬಿ ತಗದ್ಲು. ಆ ವಾಸನಿ ಮೂಗಿಗೆ ಬಡದದ್ದ ತಡ, ನಾ ಸೀಟಿನ್ಯಾಗ ನೆಟ್ಟಗ ಕುಂತೆ. ಇಷ್ಟ ವರ್ಷ ಆದ ಮ್ಯಾಲೂ ಅಂಜಿಕಿ ಹೋಗಿಲ್ಲ ನೋಡ್ರಿ! ನಮ್ಮ ಹೆಡ್ ಮೇಡಂ ನೆನಪಾಗಿದ್ರು.

ನಾ ಆಗೂ ಈಗಿನಂಗ ವಾಸ್ಕೋದಾಗ ಹಡಗಿನ ಏಜೆಂಟರ ಆಫೀಸಿನ್ಯಾಗ ಅಕೌಂಟ್ಸ್ ನೋಡತಿದ್ದೆ. ಬಂದರಿಗೆ ಹಡಗು ಬಂದ್ರ ಅದರ ಖರ್ಚೆಲ್ಲಾ ಲೆಕ್ಕ ಹಚ್ಚಿ ಮಾಲಕರಿಗೆ ಬಿಲ್ ಕಳಸೂದು ನಮ್ಮ ಕೆಲಸ. ನಮ್ಮ ಮ್ಯಾಲೆ ಈ ಮೇಡಂ. ಗೋವಾದವರ, ಆದ್ರ ಅಜ್ಜಿ ಮನಿ ಕಾರವಾರ; ಹಂಗಾಗಿ ಕೊಂಕಣಿ ಬೆರಸಿದ ಕನ್ನಡ ಬರತಿತ್ತು. ಬೈಯೂದು ಮಾತ್ರ ಸ್ವಚ್ಛ ಕನ್ನಡದಾಗ ಬೈತಿದ್ರು. ಸಂಜಿ ಆತಂದ್ರ ಹಣಿಗೆ ಮುಲಾಮು ತಿಕ್ಕೊಳ್ಳಾವರು. ಆ ವಾಸನಿ ಬಂತಂದ್ರ ನಾವು ಯಾರೂ ತಲಿ ಮ್ಯಾಲೆತ್ತತಿರಲಿಲ್ಲ. ಸಿಟ್ಟು ಯಾರ ಮ್ಯಾಲೆ ಬೀಳತೈತೋ ಯಾರಿಗೆ ಗೊತ್ತು?

ಮನ್ಯಾಗ ನಾನು ಮತ್ತ ಅಬ್ಬಾ, ಇಬ್ರ. ಅಮ್ಮಿ ತೀರಿಕೊಂಡಿದ್ಲು. ಅಬ್ಬಾ ಸವಣೂರ ಕಡಿಯಿಂದ ಬಂದು ಬಂದರಿನ್ಯಾಗ ಹಮಾಲಿ ಮಾಡಿದವರು. ಹೆಚ್ಚಾಗಿ ಎರಡನೇ ಪಾಳಿ. ನಾಲ್ಕಕ್ಕ ಶುರು ಆಗೂದು. ಕೆಲಸ ಬಿಟ್ಟ ಮ್ಯಾಲೆ ಅವರಿಗೆ ಮರವು ಹತ್ತಿತು. ಮುಂಜಾನಿ ಏನೂ ತ್ರಾಸಿಲ್ಲ. ನಮಾಜು ಮಾಡಿ, ಚಾ ಕುಡದು, ಕಟ್ಟಿ ಮ್ಯಾಲೆ ಕುಂತಿರತಿದ್ರು. ಬಾಜೂ ಮನಿ ಮಾವಶಿ ಆಗೊಮ್ಮೆ ಈಗೊಮ್ಮೆ ಇಣಿಕಿ ನೋಡಾಕಿ. ಮೂರಾದ ಮ್ಯಾಲೆ ಆಕಿನೂ ಕೆಲಸಕ್ಕ ಹೋಗಾಕಿ, ಅಬ್ಬಾನೂ ಬ್ಯಾರೆ ಮನಶಾ ಆಗತಿದ್ರು. ಖಾಕಿ ಅಂಗಿ ತೊಟ್ಟು, ತಲಿಗೆ ಟವಲ್ ಸುತ್ತಿ, "ಪಾಳಿ ಐತಿ" ಅಂತ ಹೊಂಟ ಬಿಡತಿದ್ರು, ಬಂದರಿನ ಇಳಕಲ್ದಾಗ, ಟ್ರಕ್ಕಿನ ನಡುವ...

ಒಂದಿನ ಒಬ್ಬ ಡ್ರೈವರ್ ಅವರನ್ನ ಕೈ ಹಿಡಕೊಂಡು ಮನಿಗೆ ಕರಕೊಂಡ ಬಂದ. "ಗೇಣು ಅಂತರದಾಗ ಉಳದಾರ್ರಿ ಅಕ್ಕಾರ. ಬ್ರೇಕ್ ಹತ್ತಲಿಲ್ಲಂದ್ರ ಮುಗೀತಿತ್ತು" ಅಂದ. ಮರುದಿನ ನಾ ಹೊರಗಿಂದ ಚಿಲಕ ಹಾಕಿ ಆಫೀಸಿಗೆ ಹೋದೆ. ಬಂದು ನೋಡಿದ್ರ ಬಾಗಲಕ್ಕ ಹಣಿ ಬಡಕೊಂಡು ರಕ್ತ ಮಾಡಿಕೊಂಡಿದ್ರು. ಯಾ ಅಲ್ಲಾ, ಆ ರಾತ್ರಿ ನನಗ ಒಂದು ತುತ್ತು ಇಳೀಲಿಲ್ಲ. ಕೆಲಸ ಬಿಟ್ರ ಇಬ್ರೂ ಉಪಾಸ. ಬಿಡಲಿಲ್ಲಂದ್ರ ಇವರು ಗಾಲಿ ಕೆಳಗ.

ಮರುದಿನ ಮೇಡಂ ಮುಂದ ಹೋಗಿ ನಿಂತೆ. "ಮುಂಜಾನಿ ಆರಕ್ಕ ಬರ್ತೇನ್ರಿ. ಎರಡೂವರಿಗೆ ಬಿಡ್ರಿ."

"ಕಿತೆಂ? ಇದೆಂತಾ ಹಾಲಿನ ಡೇರಿಯಾ ಆರಕ್ಕೆ ತೆಗೀಲಿಕ್ಕೆ?" ಅಂದ್ರು.

ಹಿಂದ ಯಾರೋ ಕಿಸಕ್ಕನ ನಕ್ರು. ನನಗ ಎಲ್ಲಿತ್ತೋ ಧೈರ್ಯ... "ಹಡಗು ಒಂಬತ್ತೂವರಿ ನೋಡಿ ಬರ್ತಾವೇನ್ರಿ ಮೇಡಂ? ರಾತ್ರಿ ಬಂದ ಹಡಗಿನ ಕಾಗದ ಮಧ್ಯಾಹ್ನತನ ಹಂಗ ಬಿದ್ದಿರ್ತಾವು. ನೀವು ಬರೂದ್ರಾಗ ಎಲ್ಲಾ ಮಾಡಿ ಇಟ್ಟಿರ್ತೇನಿ" ಅಂದೆ. ಅಬ್ಬಾನ ಕಥಿನೂ ಹೇಳಿದೆ. ಚಿಲಕದ ಮಾತು ಬಂದಾಗ ಅರ್ಧಕ್ಕ ಬಿಟ್ಟೆ.

ಅವರು ಮುಂದಿದ್ದ ಫೈಲ್ ಮುಚ್ಚಿದ್ರು. ಆಮ್ಯಾಲೆ ಹೇಳಿದ್ರು: "ಮಾಡಿ ನೋಡು. ಆದ್ರೆ ಆಯ್ಕ ಗೋ, ಕೇಳಿಲ್ಲಿ, ಒಂದು ತಪ್ಪು ಸಿಕ್ತು ಅಂದ್ರೆ ಈ ಆಟ ಬಂದ್."

ಶುರುವಾತು ನನ್ನ ಸರ್ಕಸ್ಸು. ಕತ್ತಲದಾಗ ಎದ್ದು ಅಡಗಿ ಮಾಡಿ, ಮೊದಲ ಬಸ್ಸು ಹಿಡದು, ಖಾಲಿ ಆಫೀಸಿನ್ಯಾಗ ಒಬ್ಬಾಕಿನ ಕುಂತು ಒಂದೊಂದ ಅಂಕಿ ಎರಡೆರಡ ಸಲ ನೋಡತಿದ್ದೆ. ಮೇಡಂ ಬಂದು ಪೆನ್ಸಿಲ್ ಹಿಡದು ತಪ್ಪು ಹುಡುಕತಿದ್ರು. ಎರಡೂವರಿಗೆ ಎದ್ದು ಹೊಂಟ್ರ ಉಳದವರ ಕಣ್ಣೆಲ್ಲಾ ನನ್ನ ಬೆನ್ನ ಮ್ಯಾಲೆ. "ಮಹಾರಾಣಿ ಹೊಂಟ್ಳು" ಅಂತ ಒಬ್ಬಾಂವ ದಿನಾ ಅಂತಿದ್ದ. ಅವನ ಬಾಯಿಗೆ ಮಣ್ಣ ಹಾಕ!

ಹಂಗ ಮಾರ್ಚ್ ಕಡೀಗೆ ಬಂತು. ಆಡಿಟರ್ ಬಂದು ಕುಂತಿದ್ರು. ಮೇಡಂ ಖಡಕ್ಕಾಗಿ ಹೇಳಿದ್ರು, "ಇವತ್ತು ಯಾರೂ ಏಳಬಾರದು. ನೀನೂ."

ಎರಡೂವರಿ ಆತು. ಮೂರಾತು. ಮಾವಶಿಗೆ ಫೋನ್ ಮಾಡಿ, ಇವತ್ತೊಂದಿನ ತಡದು ಹೋಗು ಅಂತ ಕೈಮುಗದೆ. ಆಡಿಟರ್ ಏನ ಕೇಳಿದ್ರೂ ನನಗ ಕೇಳಸವಲ್ದು. ಒಮ್ಮೆ ಎದ್ದ ನಿಂತೆ. "ಬಸ್ ಗೋ, ಕೂತ್ಕೋ" ಅಂದ್ರು ಮೇಡಂ, ತಲಿ ಎತ್ತದ. ಕುಂತೆ. ಅಷ್ಟರಾಗ ಮಾವಶಿ ಫೋನು: "ಬಚ್ಚಲಕ್ಕ ಹೋಗಿ ಬರೂದ್ರಾಗ ಹೋಗ್ಯಾರ ನಿಮ್ಮಪ್ಪ. ಓಣ್ಯಾಗೆಲ್ಲಾ ನೋಡಿದೆ, ಇಲ್ಲ."

ಯಾರನ್ನೂ ಕೇಳಲಿಲ್ಲ, ಎದ್ದೆ. ಹೋದ್ರ ಹೋಗಲಿ ನೌಕರಿ. ಮೆಟ್ಟಲ ಇಳಿಯಾಕತ್ತಿದ್ದೆ, ಹಿಂದ ಚಪ್ಪಲಿ ಸಪ್ಪಳ. ತಿರಗಿ ನೋಡಿದ್ರ ಮೇಡಂ, ಕೈಯಾಗ ಕಾರಿನ ಚಾವಿ. ಆಡಿಟರನ್ನ ಹಂಗ ಕುಂದರಿಸಿ ಬಂದಿದ್ರು! "ಯಾವ ಗೇಟು?" ಅಂದ್ರು, ಅಷ್ಟ.

ಗೇಟಿನ ಮುಂದ ಟ್ರಕ್ಕಿನ ಸಾಲು. ನಡುವ ಅಬ್ಬಾ, ವಾಚಮನ್ ಕೂಡ ಜಗಳಕ್ಕ ನಿಂತಿದ್ರು. "ನನ್ನ ಪಾಳಿ ಐತೋ, ಒಳಗ ಬಿಡೋ!" ನಾ ಓಡಿ ಹೋಗಿ ಕೈ ಹಿಡದೆ. ಝಾಡಿಸಿ ಬಿಟ್ರು. "ಯಾರವ್ವಾ ನೀ? ಬಿಡು, ನನಗ ಹೊತ್ತಾಗೇತಿ." ಮುಖ ನೋಡಿ ಹಂಗಂದ್ರು. ಹಿಂದಿನ ಟ್ರಕ್ಕು ಹಾರ್ನ್ ಹೊಡಿಯಾಕತ್ತಿತ್ತು.

ಮೇಡಂ ಸೀರಿ ನೆರಗಿ ಸರಿಮಾಡಿಕೊಂಡು ಮುಂದ ಬಂದ್ರು. ನಮ್ಮನ್ನ ನಡಗಸ್ತಿದ್ದ ಅದ ಆಫೀಸಿನ ಧ್ವನಿ.

"ಯಾವ ಪಾಳಿ ನಿಮ್ಮದು?"

ಅಬ್ಬಾ ಟವಲ್ ತಗದು ಕೈಯಾಗ ಹಿಡಕೊಂಡ್ರು. "ಎರಡನೇದ್ರಿ ಮೇಡಂ."

"ಯಾರು ಹೇಳಿದ್ದು? ನಿಮ್ಮದು ಬದಲಿ ಆಗಿದೆ. ಇನ್ನು ಮೇಲೆ ಮೊದಲನೇ ಪಾಳಿ. ಇವತ್ತಿನದು ಮುಗೀತು, ಮನೆಗೆ ಹೋಗಿ."

"ಹಂಗೇನ್ರಿ? ನಮ್ಮ ಗ್ಯಾಂಗಿನ ಮುಕಾದಮ ನಮಗ ಹೇಳ ಇಲ್ಲಲ್ರಿ..."

"ನಾನು ಹೇಳ್ತಾ ಇದ್ದೇನಲ್ಲ."

ಅಬ್ಬಾ ಸಲಾಂ ಮಾಡಿ, ತಾವ ಬಂದು ಕಾರಿನ್ಯಾಗ ಕುಂತ್ರು. ಸಡಾ ದಿಬ್ಬ ಏರೂಮುಂದ ಮೇಡಂ ಬೆನ್ನ ನೋಡಿ ಅಂದ್ರು: "ಭಾಳ ಚಲೋ ಆತ್ರಿ ಮೇಡಂ. ಮೊದಲನೇ ಪಾಳಿ ಅಂದ್ರ ಮಗಳು ಸಾಲಿಯಿಂದ ಬರೂಹೊತ್ತಿಗೆ ನಾ ಮನ್ಯಾಗ ಇರ್ತೇನಿ. ಬಾಗಲಾ ಹಾಕಿದ್ರ ಆಕಿ ಅಳ್ತಾಳ್ರಿ."

ಮಗಳು ಅವರ ಬಾಜೂನ ಕುಂತಿದ್ಲು. ಅಳಾಕತ್ತಿದ್ಲು. ಮೇಡಂ ಕನ್ನಡಿಯಾಗ ಒಮ್ಮೆ ನನ್ನ ಕಡೆ ನೋಡಿದ್ರು, ಮತ್ತ ರಸ್ತೆ ಕಡೆ ನೋಡಿದ್ರು.

ಮರುದಿನ ನಾ ಅಂಜಿಕೋತನ ಆರಕ್ಕ ಹೋದೆ. ಮೇಡಂ ಬಂದು ಪೆನ್ಸಿಲ್ ಹಿಡದು ತಪ್ಪು ಹುಡುಕಿದ್ರು. ನಿನ್ನೆದ್ದು ಒಂದು ಮಾತಿಲ್ಲ. ಎರಡೂವರಿಗೆ ಮೇಡಂ ತಾವ ಗಡಿಯಾರ ನೋಡಿ, "ಇನ್ನೂ ಇಲ್ಲೇ ಇದ್ದೀಯಾ?" ಅಂದ್ರು. "ಮಹಾರಾಣಿ" ಅನ್ನಾಂವ ಆವತ್ತಿನಿಂದ ಬಾಯಿ ಮುಚ್ಚಿದ.

ಅಬ್ಬಾ ಅಂಗಿ ಹಾಕಿ ಹೊಂಟಾಗೆಲ್ಲಾ ನಾ ಮೇಡಂ ಹುಕುಮ್ ಹೇಳತಿದ್ದೆ. ಕೆಲವು ದಿನ ನಡೀತಿತ್ತು, ಕೆಲವು ದಿನ ಕೈ ಹಿಡದು ಕುಂದರತಿದ್ದೆ. ಆದ್ರ ಮತ್ತ ಅವರು ಇಳಕಲ್ದಾಗ ಒಬ್ರ ಇಳೀಲಿಲ್ಲ. ಮುಂದೊಂದು ಮಳಿಗಾಲದಾಗ ಮನ್ಯಾಗ, ನನ್ನ ತೊಡಿ ಮ್ಯಾಲೆ ತಲಿ ಇಟ್ಟು ಹೋದ್ರು. ಗಾಲಿ ಕೆಳಗ ಹೋಗಲಿಲ್ಲ. ಅದೊಂದು ಸಮಾಧಾನ ಮೇಡಂ ಕೊಟ್ಟದ್ದು.

ಮೂರನೇ ದಿನದ ಜಿಯಾರತ್ ಮುಗಿಸಿ ಎಲ್ಲಾರಂಗ ಒಂಬತ್ತೂವರಿಗೆ ಆಫೀಸಿಗೆ ಹೋದೆ. ಮೇಡಂ ತಲಿ ಎತ್ತಿ, "ಯಾಕೆ ಲೇಟು?" ಅಂದ್ರು. "ಇನ್ನ ಆ ಟೈಮು ಬೇಕಾಗಿಲ್ರಿ ಮೇಡಂ..." ಅನ್ನೂದ್ರಾಗ ನನ್ನ ದುಃಖದ ಕಟ್ಟಿ ಒಡೀತು. ಅಷ್ಟು ದಿನ ಅತ್ತಿರಲಿಲ್ಲ, ಎಲ್ಲಾರ ಮುಂದ ಗೊಳೋ ಅಂತ ಅತ್ತೆ. ಅವರು ತಮ್ಮ ಕುರ್ಚಿ ನನ್ನ ಕಡೆ ಎಳದು ಕುಂದರಿಸಿದ್ರು. "ಅಳು. ನಾಳೆ ಆರಕ್ಕೆ ಬಾ" ಅಂದ್ರು.

ಮೇಡಂ ರಿಟೈರ್ ಆಗಿ ಮಗನ ಕಡೆ ಪುಣೆಕ್ಕ ಹೋದ್ರು. ಹೋದ ವರ್ಷ ಅಲ್ಲೇ ತೀರಿಕೊಂಡ್ರಂತ, ನಮಗ ಸುದ್ದಿ ಮುಟ್ಟೂದ್ರಾಗ ಎಲ್ಲಾ ಮುಗದಿತ್ತು. ಮುಖ ಸೈತ ನೋಡಲಿಲ್ಲ... ಆ ಹಳಹಳಿ ನನಗ ಇನ್ನೂ ಐತಿ.

ಈಗ ಆಫೀಸಿನ್ಯಾಗ ಹೊಸಾ ಹುಡುಗ್ಯಾರು ಕೇಳ್ತಾರ, "ಅಕ್ಕಾ, ಮನ್ಯಾಗ ಸಣ್ಣ ಹುಡುಗ್ರು ಅದಾವೇನ್ರಿ, ಇಷ್ಟ ಲಗೂ ಬಂದು ಲಗೂ ಹೊಕ್ಕೀರಿ?" ಇಲ್ಲ ಅಂತೇನಿ. ಇವತ್ತೂ ಆರಕ್ಕ ಬರ್ತೇನಿ, ಎರಡೂವರಿಗೆ ಏಳತೇನಿ. ಮನಿ ಮುಟ್ಟೂಹೊತ್ತಿಗೆ ಬಾಗಲಾ ಹಾಕಿರ್ತದ.