ಒಂದು ಮಿಲಿಮೀಟರ್ ತೂತಿಗೆ ಕುಂಕುಮ

ಫ್ರೆಂಡ್ಸ್, ಸಾಕಾಗೋಯ್ತು. ನನ್ನ ಕಾಫಿ ಮೆಷಿನ್ನಲ್ಲಿ ಹಾಲಿಗೆ ಆವಿ ಬಿಡೋ ಕೊಳವೆ ಇದೆಯಲ್ಲ, ಅದರ ತುದಿಗೆ ಒಂದು ಮಿಲಿಮೀಟರ್ ತೂತಿನ ನಾಜಲ್ ಬೇಕಿತ್ತು. ರಾಜಾಜಿನಗರ ಇಂಡಸ್ಟ್ರಿಯಲ್ ಎಸ್ಟೇಟಿನ ಲೇತ್ ಅಂಗಡಿಗೆ ನಾಲ್ಕು ಸಲ ಅಲೆದು, ಇವತ್ತು ಮಾಡಿಸ್ಕೊಂಡು ಬಂದೆ.

ಕೈಕಾಲು ತೊಳ್ಕೊಂಡು ಬರೋದ್ರೊಳಗೆ ಅಮ್ಮ ಅದನ್ನ ದೇವರ ಮುಂದಿಟ್ಟು ಕುಂಕುಮ ಹಚ್ಚಿದ್ರು. "ಹೊಸ ಸಾಮಾನು ಕಣೋ, ಹಾಗೇ ಬಳಸ್ತಾರಾ?"

ಒರೆಸಿ ಮೆಷಿನ್ನಿಗೆ ಹಾಕಿದೆ. ಆವಿ ಬರಲೇ ಇಲ್ಲ. ಸೂಜಿ ಚುಚ್ಚಿದ ಮೇಲೆ ಬಂತು, ಹಾಲು ರೋಸ್ ಮಿಲ್ಕ್ ಥರ ಆಯ್ತು.

ಲೇತ್ ಅಂಗಡಿಯವರಿಗೆ ಫೋನ್ ಮಾಡಿ, "ಅಣ್ಣಾ, ತೂತಿನೊಳಗೆಲ್ಲ ಕುಂಕುಮ ಕೂತಿದೆ" ಅಂದೆ.

"ನೀವೂ ಇಟ್ರಾ? ನಾನು ಪೂಜೆ ಮಾಡೇ ಕೊಟ್ಟಿದ್ದೆನಲ್ಲ ಸಾರ್!"

ಹಾಲಿಲ್ಲದ ಕಾಫಿ ಕುಡೀತಾ ಇದೀನಿ. ನಾಜಲ್ ಮಾತ್ರ ದೀರ್ಘ ಸುಮಂಗಲಿಯಾಗಿ ಬಾಳ್ಲಿ.