ಎತ್ತಿಟ್ಟ ಪ್ರಶ್ನೆಪತ್ರಿಕೆ

ನಮ್ಮ ಚಿಕ್ಕಮ್ಮ ಹೋಟೆಲಿನ ಕೋಣೆಗಳನ್ನು ಒಪ್ಪ ಮಾಡುವವರು. ಅತಿಥಿಗಳು ರಣರಂಗ ಮಾಡಿಟ್ಟು ಹೋದ ಕೋಣೆಗೆ ನುಗ್ಗಿದರೆಂದರೆ, ಹೊರಬರುವಷ್ಟರಲ್ಲಿ ಹಾಸಿಗೆಯ ಮೇಲೆ ಒಂದು ಸುಕ್ಕೂ ಇರುತ್ತಿರಲಿಲ್ಲ. ಆದರೆ ಮಂಚದಡಿ ಬಗ್ಗಿ ಬಗ್ಗಿ ಅವರ ಮಂಡಿಗಳೇ ಮುಷ್ಕರ ಹೂಡಿದ್ದವು. ಮೇಲ್ವಿಚಾರಕಿಯಾದರೆ ಬಗ್ಗುವುದು ತಪ್ಪುತ್ತದೆ. ಅದಕ್ಕೆ ಇಂಗ್ಲಿಷ್ ಪರೀಕ್ಷೆ ಪಾಸಾಗಬೇಕು. ಯಾವ ವಸ್ತು ಎಲ್ಲಿದೆ ಎಂದು ಅತಿಥಿಗೆ ಹೇಳಲು ಬಂದರೆ ಸಾಕು.

ಕಲಿಸುವ ಭಾರ ನನ್ನ ತಲೆಗೆ ಬಿತ್ತು. ಆ ‘ಎಲ್ಲಿ’ಯನ್ನು ತೋರಿಸುವ ಪುಟ್ಟ ಪದಗಳೇ ಪ್ರಿಪೊಸಿಷನ್ ಎಂದೆ. ನಾವು ಮಂಚದ ಹೆಸರೆತ್ತಿ ಆಮೇಲೆ ‘ಕೆಳಗೆ’ ಅನ್ನುತ್ತೇವೆ, ಅವರು ಮೊದಲು ‘ಅಂಡರ್’ ಅಂದುಬಿಟ್ಟು ಆಮೇಲೆ ಮಂಚಕ್ಕೆ ಬರುತ್ತಾರೆ ಎಂದೂ ಹೇಳಿದೆ.

“ಮಂಚ ಬರೋಕ್ ಮುಂಚೆನೇ ಅದರ ಕೆಳಗೆ ನುಗ್ಗೋದಾ? ಇದೆಂಥಾ ಭಾಷೆ ಕಣೇ!” ಎಂದರು ಚಿಕ್ಕಮ್ಮ.

ಬಾಯಲ್ಲಿ ಹೇಳಿದ್ದು ಅವರ ತಲೆಗೆ ಹತ್ತಲಿಲ್ಲ. ಕೈಯಲ್ಲಿ ಹಿಡಿದರೆ ಹತ್ತುತ್ತಿತ್ತು. ಲೋಟವನ್ನು ಕುರ್ಚಿಯ ಕೆಳಗಿಟ್ಟು ‘ಅಂಡರ್’, ಚಪ್ಪಲಿಯನ್ನು ಟಿವಿಯ ಹಿಂದಿಟ್ಟು ‘ಬಿಹೈಂಡ್’. ಮನೆಯಲ್ಲಿ ಯಾವುದೂ ಅದರ ಜಾಗದಲ್ಲಿ ಸಿಗದಂತಾಯಿತು. ಚಿಕ್ಕಪ್ಪ ಕೂತಲ್ಲಿಂದ “ನನ್ ಕನ್ನಡಕ ಎಲ್ಲೇ?” ಎಂದು ಕೂಗುವುದು, ಚಿಕ್ಕಮ್ಮ ಮಂಡಿ ಹಿಡಿದುಕೊಂಡು ಎದ್ದು ಹುಡುಕಿಕೊಡುವುದು ಮಾತ್ರ ಹಾಗೇ ಇತ್ತು. ಅದನ್ನು ನೋಡಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಪರೀಕ್ಷೆಯ ದಿನ ಮ್ಯಾನೇಜರ್ ಮೇಡಂ ಒಂದು ಕೋಣೆಯಲ್ಲಿ ಬೇಕೆಂದೇ ಸಾಮಾನುಗಳನ್ನು ಅಲ್ಲಲ್ಲಿ ಚೆಲ್ಲಿದ್ದರು. ಯಾವುದು ಎಲ್ಲಿದೆ ಎಂದು ಇಂಗ್ಲಿಷಿನಲ್ಲಿ ಹೇಳಬೇಕಿತ್ತು. ಚಿಕ್ಕಮ್ಮನನ್ನು ಒಳಗೆ ಕೂರಿಸಿದ್ದೇ ಫೋನ್ ಬಂತೆಂದು ಮೇಡಂ ಹೊರಗೆ ಹೋದರು. ವಾಪಸ್ ಬರುವಷ್ಟರಲ್ಲಿ ಕೋಣೆ ಫಳಫಳ ಹೊಳೆಯುತ್ತಿತ್ತು. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುವುದು ಸುಮ್ಮನೆ ಅಲ್ಲ.

“ಅಯ್ಯೋ, ಪ್ರಶ್ನೆಪತ್ರಿಕೇನೇ ಎತ್ತಿಟ್ಬಿಟ್ರಲ್ಲಮ್ಮ!” ಎಂದು ಮೇಡಂ ಹಣೆ ಚಚ್ಚಿಕೊಂಡರು.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಚಿಕ್ಕಮ್ಮ ಅಂದುಕೊಂಡರಂತೆ. ಆದರೆ ಎತ್ತಿಟ್ಟ ಕೈಗೆ ಎಲ್ಲ ನೆನಪಿತ್ತು. ಅದು ತಾನಾಗಿ ದಿಂಬಿನ ಕಡೆ ಹೋಯಿತು: “ಶೂ ವಾಸ್ ಆನ್ ದಿ ಪಿಲ್ಲೊ.” ಪರದೆಯ ಕಡೆ ಹೋಯಿತು: “ಬುಕ್ ವಾಸ್ ಬಿಹೈಂಡ್ ದಿ ಕರ್ಟನ್.” ಕೊನೆಗೆ ಮಂಡಿ ಉಜ್ಜಿಕೊಳ್ಳುತ್ತಾ, “ಟವೆಲ್ ವಾಸ್ ಅಂಡರ್ ದಿ ಬೆಡ್. ವೆರಿ ವೆರಿ ಅಂಡರ್!” ಎಂದರು.

ಮೇಡಂ ಬಿದ್ದು ಬಿದ್ದು ನಕ್ಕರು. “ಸಾಕಮ್ಮ, ಪಾಸು. ಇನ್ಮೇಲೆ ನೀವು ಬಗ್ಗಬೇಡಿ.”

ಸಂಜೆ ಚಿಕ್ಕಪ್ಪ ಎಂದಿನಂತೆ ಕೂಗಿದರು, “ನನ್ ಕನ್ನಡಕ ಎಲ್ಲೇ?”

ಚಿಕ್ಕಮ್ಮ ಕುರ್ಚಿಯಿಂದ ಅಲ್ಲಾಡಲಿಲ್ಲ. “ಅಂಡರ್ ದಿ ಸೋಫಾ,” ಎಂದರು.

ಚಿಕ್ಕಪ್ಪ ನನ್ನ ಮುಖ ನೋಡಿದರು, ನಾನು ಸೂರು ನೋಡಿದೆ. ಆಮೇಲೆ ಅವರೇ ಎದ್ದು ಬಗ್ಗಿದರು.